ಪಾರ್ತಗಾಸ್ ಡಿ4: ಘಾಟೆಷ್ಟು, ರುಚಿಯೆಷ್ಟು? ಕಟುವಾದ ಕ್ಯೂಬನ್ ಸಿಗಾರ್ ಸವಿಯುವ ಬಗೆ

ಎಲೆಗಾರ

ಕ್ಯೂಬನ್ ಸಿಗಾರ್ ಬಗ್ಗೆ ನಮ್ಮಲ್ಲಿ ಮಾತೆತ್ತಿದರೆ "ಬಹಳ ಸ್ಟ್ರಾಂಗ್" ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ಆ ಒಂದು ಪದದೊಳಗೆ ಎರಡು ಸಂಗತಿ ಸಿಕ್ಕಿಹಾಕಿಕೊಂಡಿವೆ. ಒಂದು ಘಾಟು, ಅಂದರೆ ನಿಕೋಟಿನ್ ಕೊಡುವ ಏಟು. ಅದು ತಿಳಿಯುವುದು ತಲೆಗೆ, ಹೊಟ್ಟೆಗೆ, ಅಂಗೈ ಬೆವರಿಗೆ. ಇನ್ನೊಂದು ರುಚಿ. ಅದು ನಾಲಿಗೆ ಮತ್ತು ಮೂಗಿನ ಕೆಲಸ. ಘಾಟು ಹೆಚ್ಚಿದ್ದಲ್ಲೆಲ್ಲ ರುಚಿ ಹೆಚ್ಚಿರುವುದಿಲ್ಲ, ಘಾಟು ಕಡಿಮೆಯಾದದ್ದೆಲ್ಲ ಸಪ್ಪೆಯೂ ಅಲ್ಲ.

ಮಾತು ಎಲ್ಲೆಲ್ಲಿಗೋ ಹೋಗದಿರಲಿ ಎಂದು ಒಂದೇ ಸಿಗಾರ್ ಎದುರಿಗಿಟ್ಟುಕೊಳ್ಳೋಣ: ಪಾರ್ತಗಾಸ್ ಸೀರೀ ಡಿ ನಂ. 4, ಎಲ್ಲರ ಬಾಯಲ್ಲಿ ಡಿ4. ಬ್ರ್ಯಾಂಡ್ 1845ರಿಂದ ಹವಾನಾದ್ದು. ಉದ್ದ 124 ಮಿ.ಮೀ., ರಿಂಗ್ ಗೇಜ್ 50. ರಿಂಗ್ ಗೇಜ್ ಎಂದರೆ ಇಂಚಿನ 64ನೇ ಭಾಗದ ಲೆಕ್ಕ. 50 ಅಂದರೆ ಸುಮಾರು 19.8 ಮಿ.ಮೀ. ದಪ್ಪ. ಈ ಅಳತೆಗೆ ರೊಬಸ್ಟೊ ಎಂದು ಹೆಸರು. ಕ್ಯೂಬನ್ ಸಿಗಾರ್ ಮಾರುವ ಹಬಾನೋಸ್ ಕಂಪನಿ ತನ್ನ ಬ್ರ್ಯಾಂಡ್‌ಗಳನ್ನು ಘಾಟಿನ ಪ್ರಕಾರ ಐದು ಮೆಟ್ಟಿಲಲ್ಲಿ ಇಡುತ್ತದೆ, ಪಾರ್ತಗಾಸ್ ಮತ್ತು ಬೊಲಿವಾರ್ ಎರಡೂ ತುದಿ ಮೆಟ್ಟಿಲಿನವು.

ಈಗ ಇದರ ಪಕ್ಕ ಓಯೊ ದೆ ಮೊಂತೆರ್ರೇ ಎಪಿಕ್ಯೂರ್ ನಂ. 2 ಇಟ್ಟು ನೋಡಿ. ಅದೂ 124 ಮಿ.ಮೀ., ಅದೂ 50. ಆದರೆ ಅದು ಕೆಳಗಿನ ಮೆಟ್ಟಿಲಿನ ಮೆದು ಸಿಗಾರ್. ಉದ್ದ ಒಂದೇ, ದಪ್ಪ ಒಂದೇ. ವ್ಯತ್ಯಾಸವೆಲ್ಲ ಒಳಗೆ ಯಾವ ಎಲೆ ಎಷ್ಟು ಹಾಕಿದ್ದಾರೆ ಎಂಬುದರಲ್ಲಿದೆ. ದಪ್ಪ ನೋಡಿ ಘಾಟು ಅಳೆಯುವವರಿಗೆ ಈ ಜೋಡಿಗಿಂತ ಒಳ್ಳೆಯ ಉತ್ತರ ಇಲ್ಲ.

ಎಲೆಯ ವಿಷಯ ಬಲ್ಲವರು ಮೊದಲು ಬರೆಯಲಿ.

ಹುಣಸೂರು_ಬ್ಯಾರನ್

ಎಲೆ ಗಿಡದಲ್ಲಿ ಎಲ್ಲಿತ್ತು ಅನ್ನೋದರಿಂದ ಶುರು ಮಾಡಬೇಕು. ಬುಡದ ಕಡೆಯ ಎಲೆ ವೊಲಾಡೊ. ತೆಳು, ಘಾಟು ಕಮ್ಮಿ, ಚೆನ್ನಾಗಿ ಉರಿಯುತ್ತೆ. ಸಿಗಾರ್ ಆರದಂತೆ ನೋಡಿಕೊಳ್ಳೋದೇ ಅದರ ಕೆಲಸ. ನಡುವಿನ ಎಲೆ ಸೆಕೊ, ಪರಿಮಳ ಬಹುಮಟ್ಟಿಗೆ ಅದರದ್ದು. ಮೇಲಿನ ಎಲೆ ಲಿಹೇರೊ. ಬಿಸಿಲು ನೇರ ಬೀಳೋದು ಅದಕ್ಕೆ, ಹಾಗಾಗಿ ದಪ್ಪ, ಎಣ್ಣೆ ಜಾಸ್ತಿ, ನಿಕೋಟಿನ್ ಜಾಸ್ತಿ, ಉರಿಯೋದು ನಿಧಾನ. ಕುಡಿ ಚಿವುಟಿದ ಮೇಲೆ ಗಿಡದ ಶಕ್ತಿ ಹೂವಿಗೆ ಹೋಗದೆ ಎಲೆಗೆ ತಿರುಗುತ್ತೆ, ಮೇಲಿನ ಎಲೆಗಳಿಗೆ ಘಾಟು ಏರೋದು ಅಲ್ಲಿಂದ. ಇದು ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಲಕ್ಕೂ ಅಷ್ಟೇ ನಿಜ. ಲಿಹೇರೊಗಿಂತಲೂ ಮೇಲೆ ತುದಿಯಲ್ಲಿ ಕೆಲವು ಗಿಡಕ್ಕೆ ಮಾತ್ರ ಬರುವ ಒಂದೆರಡು ಎಲೆಗೆ ಮೇದಿಯೊ ತಿಯೆಂಪೊ ಅಂತಾರೆ. 2010ರಲ್ಲಿ ಬಂದ ಕೊಹೀಬಾ ಬೆಹಿಕೆಯಲ್ಲಿ ಅದನ್ನು ಬಳಸಿದ್ದಾರೆ.

ಈ ಮೂರೂ ಒಳಗಿನ ಎಲೆ. ಅವನ್ನು ಹಿಡಿದಿಡುವ ಎಲೆ ಕಪೋತೆ, ಹೊರಗೆ ಕಾಣೋದು ಕಾಪಾ. ಕಾಪಾದ ಗಿಡವನ್ನು ಬಟ್ಟೆಯ ನೆರಳಲ್ಲಿ ಬೆಳೆಸ್ತಾರೆ, ಎಲೆ ತೆಳ್ಳಗೆ ನುಣುಪಾಗಿ ಬರಲಿ ಅಂತ. ಒಳಗಿನ ಎಲೆಯ ಗಿಡ ಬಯಲಿನ ಬಿಸಿಲಲ್ಲೇ ಬೆಳೆಯುತ್ತೆ. ಇದೆಲ್ಲ ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುವೆಲ್ತಾ ಅಬಾಹೊ ಸೀಮೆ. ಸಾನ್ ಲೂಯಿಸ್, ಸಾನ್ ಹುವಾನ್ ಇ ಮಾರ್ತಿನೆಸ್ ಅಂತ ಎರಡು ಊರು ಅಲ್ಲಿಯ ಹೊಗೆಸೊಪ್ಪಿಗೆ ಹೆಸರುವಾಸಿ.

ನಮ್ಮ ಕಡೆಯ ಸೊಪ್ಪಿಗೂ ಅದಕ್ಕೂ ಏನು ವ್ಯತ್ಯಾಸ ಅಂತ ಬಹಳ ಜನ ಕೇಳ್ತಾರೆ. ಮೈಸೂರು ಸೀಮೆಯದು ವರ್ಜೀನಿಯಾ ತಳಿ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಯಲ್ಲಿ, ಬೆಂಕಿಯ ಶಾಖ ಕೊಟ್ಟು ಒಂದು ವಾರದೊಳಗೆ ಹದ ಮಾಡ್ತೀವಿ. ಎಲೆಯಲ್ಲಿ ಸಕ್ಕರೆ ಹಾಗೇ ಉಳಿಯುತ್ತೆ, ಬಣ್ಣ ಹಳದಿ, ಹೊಗೆ ಆಮ್ಲೀಯ. ಸಿಗರೇಟಿಗೆ ಬೇಕಾದ್ದು ಅದೇ. ಕ್ಯೂಬಾದಲ್ಲಿ ಎಲೆಯನ್ನು ಕೋಲಿಗೆ ಪೋಣಿಸಿ ಗಾಳಿಯಾಡುವ ಕೊಟ್ಟಿಗೆಯಲ್ಲಿ ಸುಮಾರು 50 ದಿನ ತೂಗುಹಾಕ್ತಾರೆ. ಸಕ್ಕರೆ ಅಷ್ಟರಲ್ಲಿ ಕರಗಿಹೋಗಿರುತ್ತೆ. ಆಮೇಲೆ ರಾಶಿ ಹಾಕಿ ಹುಳಿಸೋದು. ರಾಶಿ ತಾನೇ ಬಿಸಿಯಾಗಿ ಅಮೋನಿಯ ಬಿಡುತ್ತೆ. ಲಿಹೇರೊ ರಾಶಿಯಲ್ಲಿ ಬೇರೆಯವಕ್ಕಿಂತ ಹೆಚ್ಚು ದಿನ ಇರುತ್ತೆ, ಆಮೇಲೆ ಮೂಟೆಯಲ್ಲಿ ಕನಿಷ್ಠ ಎರಡು ವರ್ಷ ಮಾಗಬೇಕು. ಅವಸರ ಮಾಡಿದ ಲಿಹೇರೊ ನಾಲಿಗೆಗೆ ಬರೀ ಉರಿ, ಅಷ್ಟೇ.

ಹೊಸಬ

ಹೊರಗಿನ ಎಲೆ ಕಪ್ಪಗಿದ್ದರೆ ಘಾಟು ಜಾಸ್ತಿ ಅಂತ ಕೇಳಿದ್ದೆ. ಅದು ತಪ್ಪಾ ಸರ್?

ಹುಣಸೂರು_ಬ್ಯಾರನ್

ತಪ್ಪು. ತೂಕದಲ್ಲಿ ಕಾಪಾ ಬಹಳ ಸಣ್ಣ ಪಾಲು. ಕಪ್ಪು ಬಣ್ಣ ಬರೋದು ಎಲೆ ಗಿಡದ ಮೇಲಿದ್ದ ಕಾಲ ಮತ್ತು ಹುಳಿಸಿದ ರೀತಿಯಿಂದ. ಕಪ್ಪಗಿದ್ದೂ ಮೆದುವಾದ ಸಿಗಾರ್ ಎಷ್ಟೋ ಇವೆ. ಡಿ4 ಹೊರಗೆ ಸಾಮಾನ್ಯ ಕಂದು ಬಣ್ಣದ್ದೇ, ಅದರ ಘಾಟು ಒಳಗಿಂದ ಬರುತ್ತೆ.

ನೋಡಬೇಕಾದ ಜಾಗ ಬುಡ, ಅಂದರೆ ಬೆಂಕಿ ಹಚ್ಚುವ ತುದಿ. ಬೆಳಕಿಗೆ ಹಿಡಿದು ನೋಡಿ. ಎಲೆಗಳು ಸೀರೆಯ ನೆರಿಗೆಯಂತೆ ಮಡಚಿ ಕೂತಿರ್ತವೆ. ಮಡಿಕೆಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣಬೇಕು, ಗಾಳಿ ಬರೋದು ಅಲ್ಲಿಂದಲೇ. ನಟ್ಟನಡುವೆ ಒಂದು ಮಡಿಕೆ ಬೇರೆಯವಕ್ಕಿಂತ ಕಪ್ಪಗೆ, ದಪ್ಪಗೆ, ಸ್ವಲ್ಪ ಜಿಡ್ಡು ಮಿಂಚಿದಂತೆ ಇದ್ದರೆ ಅದೇ ಲಿಹೇರೊ. ಸುತ್ತುವವರು ಅದನ್ನು ನಡುವೆ ಇಡೋದು ಬೇಕೆಂದೇ. ನಿಧಾನಕ್ಕೆ ಉರಿಯುವ ಎಲೆ ಅಂಚಿಗೆ ಸರಿದರೆ ಆ ಪಕ್ಕ ಉರಿಯದೆ ಉಳಿದು, ಎದುರು ಪಕ್ಕ ದೋಣಿಯ ಹಾಗೆ ಓರೆಯಾಗಿ ಸುಟ್ಟುಕೊಂಡು ಹೋಗುತ್ತೆ. ಸರಿಯಾಗಿ ಸುತ್ತಿದ್ದರೆ ಬೂದಿ ಉದುರಿದ ಮೇಲೆ ಕೆಂಡ ನಡುವೆ ಸ್ವಲ್ಪ ಮೊನಚಾಗಿ ಉಬ್ಬಿರುತ್ತೆ.

ನಿಪ್ಪಾಣಿ_ಸೊಪ್ಪು

ಬ್ಯಾರನ್ ಅವರು ಹೇಳಿದ್ದು ಬರೋಬ್ಬರಿ ಅದ. ಅದಕ್ಕ ಇನ್ನೊಂದು ಸೇರಸ್ತೀನ್ರಿ: ಕಣ್ಣಿಂದ ನೋಡಿದ ಮ್ಯಾಲೆ ಬೆರಳಿಂದ ನೋಡ್ರಿ. ಬುಡದಿಂದ ತಲಿ ತನಕ, ಅಂದ್ರ ಬಾಯಾಗ ಇಡೋ ತುದಿ ತನಕ, ಎರಡು ಬೆರಳಾಗ ಹಗೂರಕ ಒತ್ತಿಕೋತ ಹೋಗ್ರಿ. ಎಲ್ಲಾ ಕಡೆ ಒಂದೇ ನಮೂನಿ ಒಳಗ ಹೋಗಿ ವಾಪಸ್ ಬರಬೇಕು. ಒಂದು ಕಡೆ ಗಂಟು ಸಿಕ್ಕರ ಅಲ್ಲಿ ಹೊಗಿ ಕಟ್ಟತದ. ಒಂದು ಕಡೆ ಪೊಳ್ಳು ಅನಿಸಿದರ ಅಲ್ಲಿ ಬಿಸಿ ಆಗಿ ಓಡತದ. ಒತ್ತಿದಾಗ ಚರ್ ಅಂದ್ರ ಒಣಗ್ಯಾದ, ಒತ್ತಿದ ಗುರುತು ಹಂಗs ಉಳದ್ರ ಪಸಿ ಜಾಸ್ತಿ ಆಗೇದ.

ಗಂಟು ಬಹಳ ಸಲ ಬ್ರ್ಯಾಂಡ್ ಹೆಸರಿನ ಕಾಗದದ ಪಟ್ಟಿ ಇರೋ ಜಾಗದ ಆಸುಪಾಸು ಇರತದ. ಸಿಗಾರ್ ಸಲುವಾಗೇ ಮಾಡಿದ ಉದ್ದನ ಸೂಜಿಯಂಥ ಸಾಧನ ಸಿಗತದ್ರಿ. ಅದನ್ನ ತಲಿ ಕಡೆಯಿಂದ ನಟ್ಟನಡುವ ನಿಧಾನ ತಿರುವಿಕೋತ ಗಂಟಿನ ತನಕ ಇಳಸಿ, ಎಲಿ ಚೂರು ಹೊರಗ ತೆಗೀಬೇಕು. ಓರೆಯಾಗಿ ಚುಚ್ಚಿದ್ರ ಹೊರಗಿನ ಎಲಿ ಒಡೀತದ. ಹೊಲಿಯೋ ಸೂಜಿ, ಹಲ್ಲುಕಡ್ಡಿ ಬ್ಯಾಡ್ರಿ. ಅವು ಎಲಿ ತೆಗಿಯೂದಿಲ್ಲ, ಬಾಜೂಕ ಸರಸ್ತಾವ ಅಷ್ಟ.

ಕರಾವಳಿ_ಡಬ್ಬಿ

ಹಚ್ಚುವ ಮಾತಿಗೆ ಹೋಗುವ ಮುಂಚೆ ಇಡುವ ಮಾತು ಆಗಬೇಕು. ಡಿ4 ಕಹಿ ಎಂದು ದೂರುವವರಲ್ಲಿ ಅರ್ಧ ಜನರ ಸಿಗಾರ್ ಬರೀ ಒದ್ದೆಯಾಗಿರುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿಯ ಗಾಳಿಯಲ್ಲಿ ಶೇ. 85–90ರ ತೇವ ಮಾಮೂಲು. ಅಲ್ಲಿ ಚೆಂದದ ಮರದ ಪೆಟ್ಟಿಗೆ ಕೆಲಸಕ್ಕೆ ಬಾರದು, ಮುಚ್ಚಳದ ಸಂದಿನಲ್ಲಿ ಹೊರಗಿನ ತೇವ ಒಳಗೆ ಬಂದೇ ಬರುತ್ತದೆ. ರಬ್ಬರ್ ಅಂಚು ಇರುವ, ನಾಲ್ಕು ಕಡೆ ಕೊಂಡಿ ಹಾಕುವ ಪ್ಲಾಸ್ಟಿಕ್ ಡಬ್ಬಿಯೇ ಲೇಸು. ಹೊಸ ಡಬ್ಬಿಯನ್ನು ತೊಳೆದು, ಪ್ಲಾಸ್ಟಿಕ್ ವಾಸನೆ ಪೂರ್ತಿ ಹೋಗುವವರೆಗೆ ಒಂದು ವಾರ ತೆರೆದಿಡಿ. ಸಿಗಾರ್ ಪೆಟ್ಟಿಗೆಯೊಳಗೆ ಬರುವ ಸೀಡರ್ ಮರದ ಹಾಳೆಯನ್ನು ತಳಕ್ಕೆ ಹಾಕಿ. ಎರಡೂ ಕಡೆ ಕೆಲಸ ಮಾಡುವ, ಅಂದರೆ ತೇವ ಕೊಡುವ ಮತ್ತು ಹೀರುವ ಶೇ. 65ರ ಪೊಟ್ಟಣ ಇಡಿ. 25 ಸಿಗಾರ್ ಹಿಡಿಸುವ ಡಬ್ಬಿಗೆ 60 ಗ್ರಾಂನ ಒಂದು ಪೊಟ್ಟಣ ಸಾಕು.

ಅಳೆಯುವ ಮೀಟರ್ ಸರಿ ಇದೆಯೇ ಎಂದು ಮೊದಲು ನೋಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟೇ ನೀರು ಬಿಟ್ಟು ಗಟ್ಟಿ ಗಂಜಿಯಂತೆ ಮಾಡಿ. ಅದನ್ನೂ ಮೀಟರನ್ನೂ ಒಂದು ಡಬ್ಬಿಯಲ್ಲಿ ಮುಚ್ಚಿ 24 ಗಂಟೆ ಬಿಡಿ. ಶೇ. 75 ತೋರಿಸಬೇಕು. 71 ತೋರಿಸಿದರೆ ಮುಂದೆ ಯಾವಾಗಲೂ 4 ಕೂಡಿಸಿ ಓದಿ.

ಇನ್ನು ಹುಳ. ಹೊಗೆಸೊಪ್ಪಿನ ದುಂಬಿಯ ಮೊಟ್ಟೆ ಎಲೆಯಲ್ಲೇ ಇರಬಹುದು, 24 ಡಿಗ್ರಿ ದಾಟಿದ ಬಿಸಿಯಲ್ಲಿ ಅದು ಒಡೆಯುವ ಅಪಾಯ ಹೆಚ್ಚುತ್ತದೆ. ನಮ್ಮೂರುಗಳಲ್ಲಿ ವರ್ಷದ ಬಹುಪಾಲು ಅಷ್ಟು ಬಿಸಿ ಇದ್ದೇ ಇರುತ್ತದೆ. ಹೊರ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂತೆ ದುಂಡನೆಯ ತೂತು, ಕೆಳಗೆ ನುಣ್ಣನೆಯ ಪುಡಿ ಕಂಡರೆ ಅದೇ. ಜಿಪ್ ಚೀಲ ಎರಡು ಸುತ್ತು ಹಾಕಿ, ಫ್ರಿಜ್‌ನಲ್ಲಿ ಒಂದು ದಿನ, ಫ್ರೀಜರ್‌ನಲ್ಲಿ ಮೂರು ದಿನ, ಮತ್ತೆ ಫ್ರಿಜ್‌ನಲ್ಲಿ ಒಂದು ದಿನ, ಆಮೇಲೆ ಹೊರಗೆ. ಫ್ರೀಜರಿನಿಂದ ನೇರ ಕೋಣೆಯ ಬಿಸಿಗೆ ತಂದರೆ ಹೊರ ಎಲೆ ಸೀಳುತ್ತದೆ. ಬಿಳಿ ಪುಡಿ ಕಂಡರೆ ಅದು ಮಾಗಿದ ಗುರುತು ಎಂದು ಸಂಭ್ರಮ ಬೇಡ, ಬಹುತೇಕ ಅದು ಬೂಷ್ಟು. ಹೊರ ಎಲೆಯಲ್ಲಿ ಮಾತ್ರ ಇದ್ದರೆ ಒರೆಸಬಹುದು. ಬುಡದಲ್ಲಿ, ಮಡಿಕೆಗಳ ಒಳಗೆ ಇದ್ದರೆ ಎಸೆಯಿರಿ.

ಎಲೆಗಾರ

65 ಎಂದಿರಿ. ಅಂಗಡಿಗಳು 69–70 ಎನ್ನುತ್ತವಲ್ಲ?

ಕರಾವಳಿ_ಡಬ್ಬಿ

ಬೇರೆ ದೇಶದ ದಪ್ಪ ಎಲೆಯ ಸಿಗಾರ್‌ಗೆ 69 ನಡೆಯಬಹುದು. ಕ್ಯೂಬನ್‌ಗೆ 62ರಿಂದ 65 ಎಂಬುದು ನನ್ನ ಖಚಿತ ಅಭಿಪ್ರಾಯ, ಲಿಹೇರೊ ಹೆಚ್ಚಿರುವ ಡಿ4ಗಂತೂ ಇನ್ನೂ ಖಚಿತ. ಒದ್ದೆ ಎಲೆ ಉಬ್ಬಿ ಮಡಿಕೆಗಳ ಸಂದು ಮುಚ್ಚುತ್ತದೆ, ದಮ್ಮು ಬಿಗಿಯಾಗುತ್ತದೆ. ಬಿಗಿಯಾಯಿತೆಂದು ಜೋರಾಗಿ ಎಳೆಯುತ್ತೀರಿ, ಕೆಂಡ ಬಿಸಿಯಾಗುತ್ತದೆ, ಕಹಿ ಬರುತ್ತದೆ. ಕೊನೆಗೆ "ಪಾರ್ತಗಾಸ್ ಕಹಿ" ಎಂಬ ಅಪವಾದ. 58ಕ್ಕಿಂತ ಕೆಳಗೆ ಹೋದರೂ ಕಷ್ಟವೇ, ಎಣ್ಣೆ ಆರಿ ಖಾರ ಮಾತ್ರ ಉಳಿಯುತ್ತದೆ. ಒದ್ದೆಯಾದದ್ದನ್ನು ಒಂದೇ ದಿನದಲ್ಲಿ ಒಣಗಿಸಹೋಗಬೇಡಿ. 62ರ ಪೊಟ್ಟಣದ ಜೊತೆ ಎರಡು ಮೂರು ವಾರ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ.

ಮೂರನೇ_ಭಾಗ

ಕತ್ತರಿಸುವುದು. ಕ್ಯೂಬನ್ ಸಿಗಾರ್‌ನ ತಲೆಯನ್ನು ಉಗುರಿನ ಹತ್ತಿರ ಹಿಡಿದು ನೋಡಿದರೆ ಒಂದರ ಕೆಳಗೊಂದು ಮೂರು ಸಣ್ಣ ಗೆರೆ ಕಾಣುತ್ತವೆ, ಎಲೆಯ ಟೋಪಿಯನ್ನು ಮೂರು ಸುತ್ತಲ್ಲಿ ಅಂಟಿಸಿದ ಗುರುತು. ಕತ್ತರಿ ಬೀಳಬೇಕಾದ್ದು ಮೇಲಿನ ಗೆರೆಯ ಆಸುಪಾಸು, ತಲೆ ದುಂಡಗೆ ತಿರುಗುವ ಭುಜಕ್ಕಿಂತ ಮೇಲೆ. ಒಂದೂವರೆಯಿಂದ ಎರಡು ಮಿ.ಮೀ. ಹೋದರೆ ಸಾಕು. ಕೊನೆಯ ಗೆರೆ ದಾಟಿದರೆ ಹಿಡಿದಿಡುವುದು ಏನೂ ಉಳಿಯುವುದಿಲ್ಲ, ಬಾಯ ತೇವ ತಾಗುತ್ತಿದ್ದಂತೆ ಹೊರ ಎಲೆ ಬಾಳೆಯ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕಟರ್ ಇರಲಿ, ಒಂದೇ ಸಲಕ್ಕೆ ಟಕ್ಕನೆ ಒತ್ತಿ. ನಿಧಾನಕ್ಕೆ ಒತ್ತಿದರೆ ಎಲೆ ಜಜ್ಜುತ್ತದೆ.

ತೂತು ಕೊರೆಯುವ ಪಂಚ್ ಡಿ4ಗೆ ಬೇಡ. ಸಣ್ಣ ತೂತಿನ ಸುತ್ತ ಟಾರ್ ಕೂಡುತ್ತದೆ, ಹೊಗೆಯೆಲ್ಲ ನಾಲಿಗೆಯ ಒಂದೇ ಕಡೆ ಬಂದು ಬೀಳುತ್ತದೆ. ಮೆದು ಸಿಗಾರ್‌ನಲ್ಲಿ ಅದು ಸಾಂದ್ರತೆ ಅನ್ನಿಸಬಹುದು, ಇಲ್ಲಿ ಚುಚ್ಚುತ್ತದೆ.

ಬೆಂಕಿ ಹಚ್ಚುವ ಮೊದಲು ನಾಲ್ಕೈದು ಸಲ ಬರೀ ಗಾಳಿ ಎಳೆಯಿರಿ. ಒಣಹುಲ್ಲು, ಒಣದ್ರಾಕ್ಷಿ, ಮರಗೆಲಸದ ಅಂಗಡಿಯ ಹೊಟ್ಟು, ಇಂಥವು ಈಗಲೇ ಸಿಗುತ್ತವೆ. ಸ್ಟ್ರಾದಲ್ಲಿ ನೀರು ಕುಡಿದಷ್ಟು ಸಲೀಸಾದರೆ ತುಸು ಸಡಿಲ. ಸ್ವಲ್ಪ ತಡೆದು ಬಂದರೆ ಸರಿ. ಮೂಗಿಗೆ ಚುಚ್ಚುವ ಅಮೋನಿಯ ಬಂದರೆ ಸಿಗಾರ್ ಇನ್ನೂ ಎಳೆಯದು, ಡಬ್ಬಿಗೆ ವಾಪಸ್ ಹೋಗಲಿ.

ಹಚ್ಚಲು ವಾಸನೆ ಇಲ್ಲದ ಬ್ಯೂಟೇನ್ ಲೈಟರ್, ಅಥವಾ ಸೀಡರ್ ಚಕ್ಕೆ. ಮೇಣದಬತ್ತಿ, ಪೆಟ್ರೋಲ್ ಲೈಟರ್ ಎರಡರ ವಾಸನೆಯೂ ಮೊದಲ ಭಾಗವಿಡೀ ಉಳಿಯುತ್ತದೆ. ಬೆಂಕಿಕಡ್ಡಿಯಾದರೆ ಗಂಧಕ ಉರಿದುಹೋಗುವವರೆಗೆ ಕಾಯಿರಿ. ಸಿಗಾರ್ ಬಾಯಲ್ಲಿ ಇಡದೆ, ಜ್ವಾಲೆಯಿಂದ ಒಂದರಿಂದ ಒಂದೂವರೆ ಸೆಂ.ಮೀ. ಮೇಲೆ ಓರೆಯಾಗಿ ಹಿಡಿದು ತಿರುಗಿಸುತ್ತ ಇರಿ. ಹಪ್ಪಳ ಸುಡುವ ಹಾಗೆ: ಬೆಂಕಿ ತಾಗಬಾರದು, ಕಾವು ತಾಗಬೇಕು. 20–30 ಸೆಕೆಂಡಿನಲ್ಲಿ ಅಂಚು ಸುತ್ತಲೂ ಕರ್ರಗಾಗಿ ಬೂದಿಯ ತೆಳು ಗೆರೆ ಮೂಡುತ್ತದೆ. ಆಮೇಲೆ ಬಾಯಲ್ಲಿಟ್ಟು ಮೆಲ್ಲಗೆ ಎಳೆಯುತ್ತ ತಿರುಗಿಸಿ. ಬುಡಕ್ಕೆ ಊದಿ ನೋಡಿದರೆ ಕೆಂಡ ಎಲ್ಲ ಕಡೆ ಸಮನಾಗಿ ಹೊಳೆಯಬೇಕು, ಕಪ್ಪು ಉಳಿದ ಕಡೆ ಇನ್ನೊಮ್ಮೆ ಕಾವು ಕೊಡಿ. ಈ ಒಂದು ನಿಮಿಷ ಉಳಿಸಲು ಹೋದವರು ಮುಂದಿನ ಒಂದು ಗಂಟೆ ಓರೆ ಉರಿಯನ್ನು ಸರಿಮಾಡುತ್ತ ಕೂರಬೇಕಾಗುತ್ತದೆ.

ಲಯ ನಿಮಿಷಕ್ಕೆ ಒಂದೇ ದಮ್ಮು, ಎರಡು ಮೂರು ಸೆಕೆಂಡಿನದು. ಕಟು ಸಿಗಾರ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬೇಗ ಎಳೆದಷ್ಟೂ ಕೆಂಡದ ಬಿಸಿ ಏರಿ, ಲಿಹೇರೊದ ಎಣ್ಣೆ ಕಾಯುವ ಬದಲು ಸುಡುತ್ತದೆ. ಸಿಗಾರ್ ಬೆರಳಿಗೆ ಬಿಸಿ ಅನ್ನಿಸಿದರೆ ಆಗಲೇ ತಡವಾಗಿದೆ, ಎರಡು ನಿಮಿಷ ಕೆಳಗಿಡಿ. ಸರಿಯಾದ ಲಯದಲ್ಲಿ ಡಿ4 50 ನಿಮಿಷದಿಂದ ಒಂದು ಗಂಟೆ ಬಾಳುತ್ತದೆ. ಅರ್ಧ ಗಂಟೆಯಲ್ಲಿ ಮುಗಿದರೆ ನಿಮಗೆ ಸಿಕ್ಕಿದ್ದು ಘಾಟು ಮಾತ್ರ.

ಬಾಯಿರುಚಿ

ರುಚಿಯ ಪದಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ವಿಷಯದಲ್ಲಿ ಕನ್ನಡ ಬಡವಾಗಿಲ್ಲ, ನಾವು ಬಳಸುತ್ತಿಲ್ಲ ಅಷ್ಟೇ.

ಖಾರ ಬೇರೆ, ಘಾಟು ಬೇರೆ, ಒಗರು ಬೇರೆ, ಕಮಟು ಬೇರೆ. ಕರಿಮೆಣಸು ಅಗಿದಾಗ ನಾಲಿಗೆಯ ತುದಿಗೆ ಆಗುವುದು ಖಾರ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಪಕ್ಕದ ಕೋಣೆಯವರೂ ಕೆಮ್ಮುವುದು ಘಾಟು, ಅದು ಗಂಟಲು ಮತ್ತು ಮೂಗಿನದು, ನಿಕೋಟಿನ್ ಏಟಿಗೂ ಮೇಲೆ ಇದೇ ಪದ ಬಳಸಿದ್ದೇವೆ. ಎಳೆ ಅಡಿಕೆ, ಕಾಯಿ ಬಾಳೆ ತಿಂದಾಗ ಕೆನ್ನೆಯ ಒಳಭಾಗ ಹಿಡಿದಂತಾಗುವುದು ಒಗರು. ಹಳಸಿದ ಎಣ್ಣೆಯದು ಕಮಟು. ಡಿ4ನಲ್ಲಿ ಖಾರ ಇರಬೇಕು, ಘಾಟು ಇರುತ್ತದೆ. ಒಗರು ಹೆಚ್ಚಿದ್ದರೆ ಮಾಗಿಲ್ಲ. ಕಮಟು ಬಂದರೆ ಬಿಸಿಯಾಗಿ ಟಾರ್ ಕಟ್ಟಿದೆ ಅಥವಾ ಇಟ್ಟ ಜಾಗ ಸರಿಯಿಲ್ಲ. ದೂರು ಹೇಳುವಾಗ ಯಾವುದು ಎಂದು ಹೆಸರಿಸಿದರೆ ಕಾರಣವೂ ಕೈಗೆ ಸಿಗುತ್ತದೆ.

ಇನ್ನು ಭಾಗಗಳು. ಸಿಗಾರ್ ಅನ್ನು ಮೂರು ಭಾಗ ಮಾಡಿ ಸವಿಯುವ ರೂಢಿ ಇದೆ, ಅದಕ್ಕೆ ಕಾರಣವೂ ಇದೆ: ಉರಿದ ಎಲೆಯ ಟಾರ್, ನಿಕೋಟಿನ್ ಮುಂದಿನ ಎಲೆಯಲ್ಲಿ ಇಂಗುತ್ತ ಹೋಗುತ್ತದೆ, ಹೊಗೆ ಹಾದುಬರುವ ದಾರಿ ಚಿಕ್ಕದಾಗಿ ಬಿಸಿಯೂ ಹೆಚ್ಚುತ್ತದೆ. ಡಿ4ನ ಮೊದಲ ಹತ್ತು ದಮ್ಮಿನಲ್ಲಿ ಕರಿಮೆಣಸು ಜೋರು, ಅದನ್ನು ನಂಬಿ ತೀರ್ಪು ಕೊಡಬೇಡಿ. ಮೊದಲ ಭಾಗ ಮುಗಿಯುವ ಹೊತ್ತಿಗೆ ಖಾರ ಇಳಿದು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಸೀಡರ್ ಮರ ಮುಂದೆ ಬರುತ್ತವೆ. ನಡುಭಾಗವೇ ಇದರ ಜೀವ. ಹುರಿದ ಕಾಫಿ ಬೀಜ, ಹೊಸ ಚರ್ಮದ ಚೀಲ, ಒಣಹಣ್ಣಿನ ಸಿಹಿ, ಹಿಂದೆಯೇ ದನದ ಕೊಟ್ಟಿಗೆಯ ಬೆಚ್ಚನೆಯ ಹುಲ್ಲಿನ ವಾಸನೆ. ಆ ಕೊನೆಯದು ದೋಷ ಅಲ್ಲ, ಹುಳಿಸಿ ಮಾಗಿಸಿದ ಎಲೆಯ ಲಕ್ಷಣ, ಕ್ಯೂಬನ್ ಎಂದು ಗುರುತು ಹಿಡಿಯಲು ಬಹಳ ಜನ ನೆಚ್ಚುವುದೂ ಅದನ್ನೇ. ಮೂರನೇ ಭಾಗದಲ್ಲಿ ಕಾಫಿ ಕಪ್ಪಾಗುತ್ತ ಹೋಗುತ್ತದೆ, ಘಾಟು ಏರುತ್ತದೆ.

ಈ ರುಚಿಗಳಲ್ಲಿ ಹೆಚ್ಚಿನವು ಸಿಗುವುದು ಮೂಗಿನಿಂದ. ಹೊಗೆ ಬಾಯಲ್ಲಿ ಎರಡು ಸೆಕೆಂಡ್ ನಿಲ್ಲಿಸಿ, ಬಹುಪಾಲನ್ನು ಬಾಯಿಂದಲೇ ಬಿಡಿ. ಕೊನೆಗೆ ಉಳಿದ ಒಂದು ಸ್ವಲ್ಪವನ್ನು, ಹತ್ತರಲ್ಲಿ ಒಂದು ಪಾಲಿನಷ್ಟನ್ನು, ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ ಹೊರಹಾಕಿ. ಉಸಿರು ಒಳಗೆ ಎಳೆಯಲೇಬಾರದು, ಇಡೀ ಕ್ರಿಯೆ ಹೊರಮುಖವಾದದ್ದು. ಡಿ4ನಲ್ಲಿ ಪೂರ್ತಿ ದಮ್ಮನ್ನು ಮೂಗಿಂದ ಬಿಟ್ಟರೆ ಕಣ್ಣಲ್ಲಿ ನೀರು ಬರುತ್ತದೆ, ಮೂಗು ಮರಗಟ್ಟಿ ಆಮೇಲೆ ಹತ್ತು ನಿಮಿಷ ಏನೂ ತಿಳಿಯುವುದಿಲ್ಲ.

ಮೂರನೇ_ಭಾಗ

ಇದರಲ್ಲಿ ಒಂದು ಭಿನ್ನಾಭಿಪ್ರಾಯ. ಮೊದಲ ಭಾಗದಲ್ಲಿ ಮೂಗಿನ ಕೆಲಸವೇ ಬೇಡ. ಖಾರ ಇಳಿಯಲಿ, ನಡುಭಾಗದಲ್ಲಿ ನಾಲ್ಕೈದು ದಮ್ಮಿಗೆ ಒಮ್ಮೆ ಮಾಡಿದರೆ ಸಾಕು.

ಬಾಯಿರುಚಿ

ಒಪ್ಪಿದೆ. ಹೊಸಬರಿಗಂತೂ ಅದೇ ಸರಿ.

ಹೊಸಬ

ಜೊತೆಗೆ ಏನು ಕುಡಿಯಬೇಕು? ಫಿಲ್ಟರ್ ಕಾಫಿ ನಡೆಯುತ್ತಾ? ಮತ್ತೆ ಪಟ್ಟಿ ಯಾವಾಗ ತೆಗೆಯೋದು, ಬೂದಿ ಎಷ್ಟುದ್ದ ಬಿಡಬಹುದು?

ಬಾಯಿರುಚಿ

ಮೊದಲ ಸಲ ನೀರು ಮಾತ್ರ. ಇಲ್ಲದಿದ್ದರೆ ಕಾಫಿಯ ರುಚಿ ಸಿಗಾರ್‌ನದೋ ಲೋಟದ್ದೋ ತಿಳಿಯುವುದಿಲ್ಲ. ಆಮೇಲೆ ಫಿಲ್ಟರ್ ಕಾಫಿ ಧಾರಾಳವಾಗಿ ನಡೆಯುತ್ತದೆ, ಚಿಕೋರಿ ಇಲ್ಲದ್ದು ಇರಲಿ. ಚಿಕೋರಿಯ ಕಹಿ ನಾಲಿಗೆಯ ಹಿಂಭಾಗದಲ್ಲಿ ಕೂತುಬಿಡುತ್ತದೆ, ಡಿ4ನ ಮೂರನೇ ಭಾಗದ ಕಹಿಯೂ ಅಲ್ಲಿಗೇ ಬರುವುದು. ಚಿಕ್ಕಮಗಳೂರು, ಕೊಡಗಿನ ಶುದ್ಧ ಅರೇಬಿಕಾಕ್ಕೆ ಚೂರು ಬೆಲ್ಲ ಹಾಕಿದರೆ ಸಿಗಾರ್‌ನ ಒಣಹಣ್ಣಿನ ಸಿಹಿ ಎದ್ದು ಬರುತ್ತದೆ. ಕ್ಯೂಬಾದವರು ರಮ್, ಸಕ್ಕರೆ ಹಾಕಿದ ಗಟ್ಟಿ ಕಾಫಿ ಇಟ್ಟುಕೊಳ್ಳುವುದೂ ಇದೇ ಲೆಕ್ಕದಲ್ಲಿ: ಕಟುವಿಗೆ ಸಿಹಿ.

ಬೂದಿ ಎರಡು ಸೆಂ.ಮೀ. ದಾಟಿದ ಮೇಲೆ ತಟ್ಟೆಯ ಅಂಚಿಗೆ ಮೆಲ್ಲಗೆ ತಾಗಿಸಿ, ಸಿಗರೇಟಿನಂತೆ ತಟ್ಟಬೇಡಿ. ಪಟ್ಟಿ ಅಂಟಿಸಿದ ಗೋಂದು ಕಾವಿಗೆ ಸಡಿಲವಾಗುತ್ತದೆ. ಕೆಂಡ ಅರ್ಧ ದಾರಿ ಬಂದ ಮೇಲೆ ತೆಗೆದರೆ ಹೊರ ಎಲೆ ಹರಿಯುವುದಿಲ್ಲ.

ದಂತವೈದ್ಯ

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಸರಿಪಡಿಸಬೇಕು. "ಹೊಗೆ ಎದೆಗೆ ಇಳಿಸುವುದಿಲ್ಲ, ಹಾಗಾಗಿ ತೊಂದರೆ ಇಲ್ಲ" ಎನ್ನುವುದು ಸುಳ್ಳು. ಸಿಗರೇಟಿನ ಹೊಗೆ ಆಮ್ಲೀಯ ಎಂದು ಮೇಲೆ ಬಂತು. ಸಿಗಾರ್ ಹೊಗೆ ಕ್ಷಾರೀಯ. ಕ್ಷಾರೀಯ ಹೊಗೆಯ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಒಂದು ರೊಬಸ್ಟೊದಲ್ಲಿ ಸುಮಾರು 11–12 ಗ್ರಾಂ ಎಲೆ ಇದೆ, ಸಿಗರೇಟಿನಲ್ಲಿ ಒಂದು ಗ್ರಾಂಗೂ ಕಡಿಮೆ. ದೊಡ್ಡ ಸಿಗಾರ್‌ಗಳಲ್ಲಿ ಒಟ್ಟು ನಿಕೋಟಿನ್ 100–200 ಮಿ.ಗ್ರಾಂ. ಇರುತ್ತದೆ. ಅದರಲ್ಲಿ ದೇಹ ಸೇರುವುದು ಒಂದು ಪಾಲು ಮಾತ್ರ, ಆ ಪಾಲೂ ಚಿಕ್ಕದಲ್ಲ.

ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್ ನೇರ ಕಾರಣ. ಎಲೆ ಎಷ್ಟು ಶುದ್ಧ, ಎಷ್ಟು ಮಾಗಿದ್ದು ಎಂಬುದರಿಂದ ಇದು ಬದಲಾಗುವುದಿಲ್ಲ. ಅಡಿಕೆ, ಗುಟ್ಕಾ ಹಾಕುವವರಿಗೂ ಮದ್ಯ ಜೊತೆಗಿಟ್ಟುಕೊಳ್ಳುವವರಿಗೂ ಅಪಾಯ ಇನ್ನೂ ಹೆಚ್ಚು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ದಾಟಿದರೂ ಮಾಯದ ಹುಣ್ಣು ಇದ್ದರೆ ತೋರಿಸಿಕೊಳ್ಳಿ. ರೂಢಿ ಇಲ್ಲದವರು ಶುರು ಮಾಡದಿರುವುದೇ ಒಳ್ಳೆಯದು, ಇದನ್ನು ಪೂರ್ಣ ಕಾಳಜಿಯಿಂದ ಹೇಳುತ್ತಿದ್ದೇನೆ. ಕರ್ನಾಟಕದಲ್ಲಿ ಈಗ 21 ವರ್ಷದ ಒಳಗಿನವರಿಗೆ ತಂಬಾಕು ಮಾರುವಂತಿಲ್ಲ ಎಂಬುದೂ ನೆನಪಿರಲಿ. ಮನೆಯೊಳಗೆ ಮಕ್ಕಳು, ಗರ್ಭಿಣಿಯರು ಇದ್ದರೆ ಹಚ್ಚಲೇಬೇಡಿ.

ತಕ್ಷಣದ ತೊಂದರೆಯ ವಿಷಯ: ತಣ್ಣನೆಯ ಬೆವರು, ಬಾಯಲ್ಲಿ ನೀರೂರುವುದು, ತಲೆಸುತ್ತು, ವಾಕರಿಕೆ. ನಿಕೋಟಿನ್ ಹೆಚ್ಚಾದ ಗುರುತುಗಳಿವು. ಸಿಗಾರ್ ಅಲ್ಲೇ ಬಿಡಿ. ಗಾಳಿಗೆ ಬಂದು ಕೂತು ನೀರು ಕುಡಿಯಿರಿ, ಬೆಲ್ಲ ಅಥವಾ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಹಲವರಿಗೆ ಹಗುರ ಅನ್ನಿಸುತ್ತದೆ. ವಾಂತಿ ನಿಲ್ಲದಿದ್ದರೆ, ಎದೆ ಬಡಿತ ಏರುಪೇರಾದರೆ ಆಸ್ಪತ್ರೆಗೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಹೀಗಾಗುವುದು ಬಹಳ ಹೆಚ್ಚು.

ಎಲೆಗಾರ

ವೈದ್ಯರೇ, ವಂದನೆ. ಇದನ್ನು ಈ ಚರ್ಚೆಯ ಮೊದಲಿಗೇ ಹಾಕಬೇಕಿತ್ತು. ಘಾಟಿನ ಅಭ್ಯಾಸ ಇಲ್ಲದವರು ಡಿ4ಗೆ ನೇರ ಕೈಹಾಕಬಾರದು ಎಂಬುದಕ್ಕೆ ಇದೇ ಕಾರಣ. ಚಿಕ್ಕದಾದರೆ ಹಗುರ ಎಂದು 90 ಮಿ.ಮೀ.ನ ಡಿ6 ತೆಗೆದುಕೊಳ್ಳುವವರಿದ್ದಾರೆ. ಅದರಲ್ಲಿ ಕಡಿಮೆಯಾಗುವುದು ಹೊತ್ತು ಮಾತ್ರ, ಎಲೆ ಅದೇ ಪಾರ್ತಗಾಸ್. ಊಟವಾಗಿ ಒಂದು ಗಂಟೆಯೊಳಗೆ ಕೂರುವುದು, ಮೂರನೇ ಭಾಗ ಮುಗಿಸಲೇಬೇಕು ಎಂಬ ಹಟ ಬಿಡುವುದು, ಇವೆರಡೂ ಇರಲಿ. ಬೆಲೆ ಕೊಟ್ಟಿದ್ದೇವೆಂದು ಬೆರಳು ಸುಡುವವರೆಗೆ ಎಳೆಯುವುದರಲ್ಲಿ ರುಚಿಯೂ ಇಲ್ಲ, ಮರ್ಯಾದೆಯೂ ಇಲ್ಲ.

ದುಬೈ_ಕನ್ನಡಿಗ

ನಕಲಿ ಬಗ್ಗೆ ಯಾರೂ ಬರೆದಿಲ್ಲ. ನಕಲಿಯಲ್ಲಿ ಘಾಟು ಧಾರಾಳ ಇರುತ್ತೆ, ರುಚಿ ಇರಲ್ಲ. ಒಳಗೆ ಚೂರು ಎಲೆ ತುಂಬಿರ್ತಾರೆ, ಎಳೆದರೆ ಬಾಯಿಗೆ ಪುಡಿ ಬರುತ್ತೆ. ಅಸಲಿಯಲ್ಲಿ ಬುಡದಿಂದ ತಲೆಯವರೆಗೆ ಉದ್ದ ಎಲೆ.

ಪೆಟ್ಟಿಗೆ ತಿರುಗಿಸಿ ತಳ ನೋಡಿ. "ಹಬಾನೋಸ್ ಎಸ್.ಎ.", "ಹೆಚೊ ಎನ್ ಕೂಬಾ", "ತೊತಾಲ್ಮೆಂತೆ ಆ ಮಾನೊ" ಅಂತ ಸ್ಪ್ಯಾನಿಷ್‌ನಲ್ಲಿ ಮರಕ್ಕೆ ಬಿಸಿಮುದ್ರೆ ಒತ್ತಿರುತ್ತೆ, ಬೆರಳಾಡಿಸಿದರೆ ತಗ್ಗು ತಿಳಿಯಬೇಕು. ಕೊನೆಯದರ ಅರ್ಥ ಪೂರ್ತಿ ಕೈಯಿಂದ ಮಾಡಿದ್ದು ಅಂತ. ಪಕ್ಕದಲ್ಲಿ ಶಾಯಿಯಲ್ಲಿ ಕಾರ್ಖಾನೆಯ ಗುಪ್ತ ಅಕ್ಷರ, ತಿಂಗಳು, ವರ್ಷ. ತಿಂಗಳು ಸ್ಪ್ಯಾನಿಷ್‌ನದು: ಜನವರಿಗೆ ಎನೆ, ಏಪ್ರಿಲ್‌ಗೆ ಅಬ್ರ್, ಆಗಸ್ಟ್‌ಗೆ ಅಗೊ, ಡಿಸೆಂಬರ್‌ಗೆ ದಿಕ್. ಆ ತಾರೀಖು ರುಚಿಗೂ ಬೇಕು. ಆರು ತಿಂಗಳ ಡಿ4ಗಿಂತ ಮೂರು ವರ್ಷದ್ದು ಎಷ್ಟೋ ದುಂಡಗಿರುತ್ತೆ. ಮೇಲೆ ಹಸಿರು ಬಿಳುಪಿನ ಸರ್ಕಾರಿ ಸೀಲು, ಈಗಿನವಕ್ಕೆ ಬಾರ್‌ಕೋಡ್, ಹಾಲೊಗ್ರಾಮ್ ಇರುತ್ತೆ. ಗಾಜಿನ ಮುಚ್ಚಳದ ಪೆಟ್ಟಿಗೆ ಕಂಡರೆ ಮುಟ್ಟಲೇಬೇಡಿ, ಅಂಥದ್ದು ಹಬಾನೋಸ್ ಮಾಡೋದೇ ಇಲ್ಲ. ಪೆಟ್ಟಿಗೆ ತೆರೆದಾಗ ಎಲ್ಲ ಸಿಗಾರ್ ಬಣ್ಣ ಹೆಚ್ಚುಕಡಿಮೆ ಒಂದೇ ಥರ ಇರಬೇಕು, ಎಡದಿಂದ ಬಲಕ್ಕೆ ತುಸು ಗಾಢದಿಂದ ತಿಳಿಗೆ ಹೋಗೋ ಹಾಗೆ ಜೋಡಿಸಿರ್ತಾರೆ. ಊರಿಗೆ ತರುವವರಿಗೆ ಲಗೇಜ್‌ನಲ್ಲಿ ಸುಂಕವಿಲ್ಲದೆ 25 ಸಿಗಾರ್, ಅಂದರೆ ಒಂದು ಪೆಟ್ಟಿಗೆ.

ಹೊಸಬ

ಕೊನೆಯ ಪ್ರಶ್ನೆ. ಅರ್ಧಕ್ಕೆ ಆರಿಹೋದರೆ ಮತ್ತೆ ಹಚ್ಚಬಹುದಾ? ನಾಳೆಗೆ ಎತ್ತಿಡಬಹುದಾ?

ಮೂರನೇ_ಭಾಗ

ಆರಿ ಹತ್ತು ಹದಿನೈದು ನಿಮಿಷ ಆಗಿದ್ದರೆ ಏನೂ ತೊಂದರೆ ಇಲ್ಲ. ಬೂದಿ ಉದುರಿಸಿ, ಬಾಯಲ್ಲಿಟ್ಟು ಒಮ್ಮೆ ಮೆಲ್ಲಗೆ ಹೊರಕ್ಕೆ ಊದಿ, ಒಳಗೆ ನಿಂತ ಹಳೇ ಹೊಗೆ ಹೋಗಲಿ. ಆಮೇಲೆ ಮೊದಲಿನಂತೆ ಕಾವು ಕೊಟ್ಟು ಹಚ್ಚಿ, ಮೊದಲ ಎರಡು ದಮ್ಮು ಕಹಿ ಬರುತ್ತದೆ, ಲೆಕ್ಕಕ್ಕಿಲ್ಲ. ಒಂದೆರಡು ಗಂಟೆ ಕಳೆದಿದ್ದರೆ ಸುಟ್ಟ ಭಾಗದಿಂದ ಅರ್ಧ ಸೆಂ.ಮೀ. ಒಳಗೆ ಕತ್ತರಿಸಿ ಹಚ್ಚಬಹುದು. ನಾಳೆಗೆ ಬೇಡ. ರಾತ್ರಿಯಿಡೀ ಟಾರ್ ಒಳಗೆ ಇಂಗಿ ಪೂರ್ತಿ ಕಮಟಾಗುತ್ತದೆ. ಯಾವ ಕಾರಣಕ್ಕೂ ಅದನ್ನು ಉಳಿದ ಸಿಗಾರ್‌ಗಳ ಡಬ್ಬಿಗೆ ಹಾಕಬೇಡಿ, ಒಂದೇ ರಾತ್ರಿಯಲ್ಲಿ ಆ ವಾಸನೆ ಎಲ್ಲಕ್ಕೂ ಹಿಡಿಯುತ್ತದೆ. ಇನ್ನು ನಂದಿಸುವಾಗ ಸಿಗರೇಟಿನಂತೆ ತಟ್ಟೆಗೆ ಒತ್ತಬಾರದು, ಒತ್ತಿದರೆ ಬರುವ ಹೊಗೆಯ ನಾತ ಬಟ್ಟೆ ಬಿಡುವುದಿಲ್ಲ. ತಟ್ಟೆಯ ಅಂಚಿಗೆ ಒರಗಿಸಿ ಬಿಡಿ, ಐದಾರು ನಿಮಿಷದಲ್ಲಿ ತಾನೇ ಆರುತ್ತದೆ. ಪೂರ್ತಿ ಆರಿದ್ದನ್ನು ನೋಡಿಕೊಂಡೇ ಕಸಕ್ಕೆ ಹಾಕಿ.